ಟೋನ್ ಗುರುತು ಒಂದೇ ಒತ್ತಿಗೆ ಬರಬೇಕು

ನಮಸ್ಕಾರ. ಇವತ್ತು ಯೊರುಬಾ ಭಾಷೆಯ ಕೀಬೋರ್ಡ್ ಬಗ್ಗೆ ಮಾತಾಡೋಣ. ನೈಜೀರಿಯಾದ ಲಾಗೋಸ್, ಇಬಾದಾನ್ ಕಡೆ, ಪಕ್ಕದ ಬೆನಿನ್ ದೇಶದಲ್ಲಿ ಕೋಟಿಗಟ್ಟಲೆ ಜನ ಆಡುವ ಭಾಷೆ ಇದು.

ಯೊರುಬಾದಲ್ಲಿ ದನಿಗೆ, ಅಂದರೆ ಟೋನಿಗೆ, ಮೂರು ಮಟ್ಟ: ಏರು, ನಡು, ಇಳಿ. ಏರುದನಿಗೆ ಸ್ವರದ ತಲೆ ಮೇಲೆ ಒಂದು ಓರೆ ಗೀಟು, ಇಳಿದನಿಗೆ ಅದರ ತಿರುವುಮುರುವು ಗೀಟು. ನಡುದನಿಗೆ ಸಾಮಾನ್ಯವಾಗಿ ಏನೂ ಹಾಕುವುದಿಲ್ಲ. ಜೊತೆಗೆ ಇಂಗ್ಲಿಷಿನ ಇ, ಓ, ಎಸ್ ಅಕ್ಷರಗಳ ಕೆಳಗೆ ಚುಕ್ಕೆ ಇಟ್ಟು ಮಾಡಿಕೊಂಡ ಇನ್ನೂ ಮೂರು ಅಕ್ಷರಗಳಿವೆ. ಟೋನ್ ಗುರುತು ಬಿಟ್ಟರೆ ಗಂಡ, ಗುದ್ದಲಿ, ವಾಹನ, ಈಟಿ ಅನ್ನುವ ಅರ್ಥದ ನಾಲ್ಕು ಯೊರುಬಾ ಪದಗಳಿಗೂ ಬರಹ ಒಂದೇ.

ಸಂದರ್ಭ ನೋಡಿದರೆ ಗೊತ್ತಾಗುತ್ತದೆ, ಬಿಡಿ ಅನ್ನುವವರಿದ್ದಾರೆ. ಭಾಷೆ ಚೆನ್ನಾಗಿ ಬಲ್ಲವರಿಗೆ ಎಷ್ಟೋ ಸಲ ಗೊತ್ತಾಗುತ್ತದೆ, ನಿಜ. ಓದಲು ಕಲಿಯುತ್ತಿರುವ ಮಗುವಿಗೆ? ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಕಂಪ್ಯೂಟರಿಗೆ? ಇಷ್ಟಾದರೂ ಜನ ಗುರುತು ಹಾಕದೆ ಟೈಪ್ ಮಾಡುತ್ತಾರೆ. ಅದು ಸೋಮಾರಿತನ ಅಲ್ಲ. ಕೀಬೋರ್ಡ್ ವಿನ್ಯಾಸ ಮಾಡಿದವರು ಟೋನನ್ನು ಅಲಂಕಾರ ಅಂದುಕೊಂಡಿದ್ದಾರೆ, ಅದೇ ತಪ್ಪು.

ಫ್ರೆಂಚ್ ತರದ ಭಾಷೆಗಳಿಗೆ ಡೆಡ್ ಕೀ ಅಂತ ಒಂದು ಪದ್ಧತಿ ಇದೆ. ಮೊದಲು ಗುರುತಿನ ಕೀ ಒತ್ತಬೇಕು, ಆಗ ಪರದೆ ಮೇಲೆ ಏನೂ ಮೂಡುವುದಿಲ್ಲ. ಆಮೇಲೆ ಅಕ್ಷರ ಒತ್ತಿದರೆ ಎರಡೂ ಸೇರಿ ಬರುತ್ತವೆ. ಟೈಪ್‌ರೈಟರ್ ಕಾಲದ ಏರ್ಪಾಡು ಇದು. ಯೊರುಬಾಕ್ಕೆ ಇದು ಕೈಕೊಡುತ್ತದೆ. ಕೆಳಗೆ ಚುಕ್ಕೆ, ಮೇಲೆ ಗೀಟು ಎರಡೂ ಇರುವ ಇ ಅಕ್ಷರಕ್ಕೆ ಯುನಿಕೋಡಿನಲ್ಲಿ, ಅಂದರೆ ಕಂಪ್ಯೂಟರಿನ ಅಕ್ಷರ ಸಂಕೇತಗಳ ಪಟ್ಟಿಯಲ್ಲಿ, ಒಂಟಿ ಸಂಕೇತವೇ ಇಲ್ಲ. ಚುಕ್ಕೆಯ ಅಕ್ಷರದ ಆಮೇಲೆ ಗೀಟಿನ ಸಂಕೇತವನ್ನು ಬೇರೆಯಾಗಿ ಜೋಡಿಸಬೇಕು. ವಿಂಡೋಸಿನ ಮಾಮೂಲಿ ಕೀಬೋರ್ಡ್ ವಿನ್ಯಾಸದಲ್ಲಿ ಡೆಡ್ ಕೀಯಿಂದ ಹೊರಬರುವುದು ಒಂದೇ ಸಂಕೇತ. ಬೇರೆ ಬೇರೆ ಭಾಷೆಯ ಕೀಬೋರ್ಡ್ ಕೊಡುವ ಕೀಮ್ಯಾನ್ ತರದ ತಂತ್ರಾಂಶಕ್ಕೆ ಈ ಕಟ್ಟಿಲ್ಲ, ಅದು ಉಚಿತವೂ ಹೌದು. ಆದರೆ ಕಚೇರಿಯ ಕಂಪ್ಯೂಟರಿಗೆ ಹೊಸ ತಂತ್ರಾಂಶ ಹಾಕಲು ಎಲ್ಲರಿಗೂ ಬಿಡುವುದಿಲ್ಲ ಅಲ್ವಾ?

ಹಾಗಾಗಿ ಸ್ವರ ಮೊದಲು, ಟೋನ್ ಆಮೇಲೆ ಬರಲಿ. ಆಗ ಟೋನ್ ಕೀ ಗೀಟಿನ ಸಂಕೇತವೊಂದನ್ನೇ ಕೊಟ್ಟರೆ ಸಾಕು. ಕನ್ನಡ ಟೈಪ್ ಮಾಡುವ ನಮಗೆ ಇದು ಹೊಸದಲ್ಲ. ಕ ಒತ್ತಿ ಆಮೇಲೆ ಗುಣಿತದ ಕೀ ಒತ್ತುತ್ತೇವೆ. ಗುಣಿತ ತಪ್ಪಿದರೆ ಅದನ್ನಷ್ಟೇ ಅಳಿಸಿ ಸರಿಮಾಡುತ್ತೇವೆ. ಕೆ.ಪಿ. ರಾವ್ ಅವರ ಕನ್ನಡ ಕೀಬೋರ್ಡ್ ವಿನ್ಯಾಸ ಕೆಲಸ ಮಾಡುವುದೂ ಮಾಮೂಲಿ ಇಂಗ್ಲಿಷ್ ಕೀಬೋರ್ಡ್ ಮೇಲೆಯೇ. ಹೊಸ ಕೀಬೋರ್ಡ್ ಕೊಳ್ಳಿ ಅಂತ ಅವರು ಯಾರಿಗೂ ಹೇಳಲಿಲ್ಲ.

ಇನ್ನು ಟೋನಿನ ಜಾಗ. ಯೊರುಬಾದಲ್ಲಿ ಗುರುತು ಸಾಲುಸಾಲಿಗೂ ಬೇಕು. ಪ್ರತಿ ಸಲ ಇನ್ನೊಂದು ಕೀ ಒತ್ತಿ ಹಿಡಿದು ಟೈಪ್ ಮಾಡಿ ಅಂದರೆ ಯಾರು ಮಾಡುತ್ತಾರೆ? ಬಲಗೈ ಕಿರುಬೆರಳಿನ ಮೇಲ್ಗಡೆ ಚೌಕ ಆವರಣದ ಎರಡು ಕೀಗಳಿವೆ. ಮಾಮೂಲಿ ಬರಹಕ್ಕೆ ಅವು ಬೇಕಾಗುವುದೇ ಅಪರೂಪ. ಒಂದನ್ನು ಏರುದನಿಗೆ, ಇನ್ನೊಂದನ್ನು ಇಳಿದನಿಗೆ ಕೊಡಬೇಕು. ಆವರಣ ಬೇಕಾದವರು ಆಲ್ಟ್ ಜಿಆರ್, ಅಂದರೆ ಸ್ಪೇಸ್ ಬಾರಿನ ಬಲಗಡೆಯ ಆಲ್ಟ್ ಕೀ, ಹಿಡಿದು ಒತ್ತಲಿ.

ಯೊರುಬಾಕ್ಕೆ ಸಿ, ಕ್ಯೂ, ವಿ, ಎಕ್ಸ್, ಝಡ್ ಬೇಕಿಲ್ಲ, ಆ ಐದು ಕೀ ಖಾಲಿ ಇವೆಯಲ್ಲ, ಚುಕ್ಕೆ ಅಕ್ಷರಗಳನ್ನು ಅಲ್ಲೇ ಇಡಬಹುದು ಅನ್ನುವ ವಾದ ಇದೆ. ನೋಡಲು ಚೆಂದ, ನಾನು ಒಪ್ಪುವುದಿಲ್ಲ. ಲಾಗೋಸಿನ ಮಂದಿ ಒಂದೇ ವಾಕ್ಯದಲ್ಲಿ ಯೊರುಬಾ, ಇಂಗ್ಲಿಷ್ ಎರಡೂ ಬೆರೆಸುತ್ತಾರೆ. ವಿಳಾಸ, ಪಾಸ್‌ವರ್ಡ್ ಅಂತ ಆ ಐದೂ ದಿನಾ ಬೇಕು. ಒಂದೊಂದು ಪದಕ್ಕೂ ಕೀಬೋರ್ಡ್ ಬದಲಿಸುವ ಕಾಟ ಬಂದರೆ ಜನ ಇಂಗ್ಲಿಷ್ ಕೀಬೋರ್ಡಿಗೇ ಹೋಗಿ ಅಲ್ಲೇ ಉಳಿಯುತ್ತಾರೆ. ಚುಕ್ಕೆಯ ಅಕ್ಷರಗಳು ಆಲ್ಟ್ ಜಿಆರ್ ಜೊತೆ ತಮ್ಮ ಮೂಲ ಅಕ್ಷರದ ಕೀಯಲ್ಲೇ ಇರಲಿ.

ಯೊರುಬಾ ಹೆಸರುಗಳ ಆನ್‌ಲೈನ್ ನಿಘಂಟು ಕಟ್ಟಿದ ಭಾಷಾತಜ್ಞ ಕೊಲಾ ಟುಬೊಸುನ್ ಮತ್ತು ಗೆಳೆಯರು ಟೋನ್ ಗುರುತಿನ ಕೀಬೋರ್ಡನ್ನು ಉಚಿತವಾಗಿ ಕೊಟ್ಟಿದ್ದಾರೆ, ನೈಜೀರಿಯಾದ್ದೇ ಆದ ಇಗ್ಬೊ ಭಾಷೆಗೂ ಸೇರಿಸಿ. ದೊಡ್ಡ ಕಂಪನಿಗಳು ವಿನ್ಯಾಸ ಮಾಡುವ ಮುಂಚೆ ಇಂಥವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.

ಫೋನಿನಲ್ಲಂತೂ ಕಷ್ಟ ಇನ್ನೂ ಜಾಸ್ತಿ. ಅಕ್ಷರವನ್ನು ಒತ್ತಿ ಹಿಡಿದು, ಪಟ್ಟಿ ಬರುವ ತನಕ ಕಾದು, ಅದರಲ್ಲಿ ಹುಡುಕಬೇಕು. ಅಲ್ಲೂ ಎರಡು ಟೋನ್ ಕೀ ಸ್ಪೇಸ್ ಬಾರಿನ ಆಚೀಚೆ ಎದುರಿಗೇ ಕಾಣಲಿ. ಒತ್ತಿ ಹಿಡಿದರೆ ಬರುವ ಜಾಗಕ್ಕೆ ಅಲ್ಪವಿರಾಮ, ಇಮೋಜಿ ಹೋಗಲಿ. ಅವು ಟೋನಿನಷ್ಟು ಸಲ ಬೇಕಾಗುವುದಿಲ್ಲ.