ಬೆನ್ನಿಗಂಟಿದ ವಾಹನ

ಕೇಳುಗರಿಗೆ ನಮಸ್ಕಾರ.

ಮಳೆಗಾಲದ ಒಂದು ರಾತ್ರಿ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದೀರಿ ಎಂದುಕೊಳ್ಳಿ. ಸ್ವಲ್ಪ ಹೊತ್ತಿನ ಹಿಂದೆ ಕನ್ನಡಿಯಲ್ಲಿ ಕಣ್ಣು ಕೋರೈಸುತ್ತಿದ್ದ ಕಾರೊಂದರ ಹೆಡ್‌ಲೈಟುಗಳು ಈಗ ಕಾಣುತ್ತಿಲ್ಲ. ಅದು ಹಿಂದುಳಿದಿದೆ ಎಂದು ಭಾವಿಸಬೇಡಿ; ಅದರ ದೀಪಗಳು ನಿಮ್ಮ ಡಿಕ್ಕಿಯ ಮರೆಗೆ ಸರಿಯುವಷ್ಟು ಹತ್ತಿರ ಬಂದಿದೆ.

ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಮುಂದಿನ ಬ್ರೇಕ್ ದೀಪ ಕಂಡು ಕಾಲು ಪೆಡಲಿಗೆ ಹೋಗುವಷ್ಟರಲ್ಲಿಯೇ ಒಂದು ಸೆಕೆಂಡು ಕಳೆದಿರುತ್ತದೆ. ಸಾಕಷ್ಟು ಅಂತರ ಇಡಬೇಕಾದವನು ಹಿಂದಿನ ಚಾಲಕನೇ ಎಂದು 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಹೇಳುತ್ತದೆ, ನಿಜ. ಆದರೆ ಗುದ್ದಿಸಿಕೊಂಡ ಕುತ್ತಿಗೆಯ ನೋವಿಗೆ ಆ ನಿಯಮ ಮದ್ದಲ್ಲ.

ಹಿಂದಿನ ಅಂತರ ನಿಮ್ಮ ಕೈಯಲ್ಲಿಲ್ಲ, ಮುಂದಿನದು ಇದೆ. ಮುಂದಿನ ವಾಹನ ಒಂದು ಮೈಲಿಗಲ್ಲನ್ನು ದಾಟಿದೊಡನೆ ‘ನೂರಾ ಒಂದು, ನೂರಾ ಎರಡು’ ಎಂದು ನಿಧಾನವಾಗಿ ಎಣಿಸಿ. ಒಣ ರಸ್ತೆಯಲ್ಲಿ ಎರಡರವರೆಗೆ ಎಣಿಸಿದ ಮೇಲೆ ನೀವು ಆ ಕಲ್ಲನ್ನು ತಲುಪಿದರೆ ಸಾಮಾನ್ಯವಾಗಿ ಸಾಕು. ಬೆನ್ನ ಹಿಂದೆ ಅವಸರದವನಿದ್ದರೆ ಅದನ್ನು ನಾಲ್ಕಕ್ಕೆ ಏರಿಸಿ, ಮಳೆಯಿದ್ದರೆ ಇನ್ನೂ ಹೆಚ್ಚಿಸಿ. ಆಗ ಮುಂದೆ ದನವೋ ಲಾರಿಯೋ ಅಡ್ಡ ಬಂದರೂ ನೀವು ತಟ್ಟನೆ ನಿಲ್ಲಬೇಕಾಗುವುದಿಲ್ಲ. ಮೆಲ್ಲಗೆ ವೇಗ ತಗ್ಗಿಸುವಾಗ ಹಿಂದಿನವನಿಗೂ ಸಮಯ ಸಿಗುತ್ತದೆ.

ಅವನಿಗೆ ಬುದ್ಧಿ ಕಲಿಸಲೆಂದು ಬ್ರೇಕ್ ಒದೆಯುವುದು ಶುದ್ಧ ಹುಚ್ಚುತನ. ಬೆದರಿ ವೇಗ ಹೆಚ್ಚಿಸಿದರೆ ಅವನೂ ಹೆಚ್ಚಿಸುತ್ತಾನೆ, ಅಂತರ ಮಾತ್ರ ಅಷ್ಟೇ ಉಳಿಯುತ್ತದೆ.

ಘಾಟಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನ ಹಿಡಿತದಿಂದಲೇ ವೇಗ ತಗ್ಗಿಸುವುದು ಒಳ್ಳೆಯ ಅಭ್ಯಾಸ. ಆದರೆ ಹಾಗೆ ಮಾಡುವಾಗ ಹಿಂದಿನ ಕೆಂಪು ದೀಪ ಹೊತ್ತುವುದಿಲ್ಲವಾದ್ದರಿಂದ, ನಿಮ್ಮ ಕಾರು ನಿಧಾನವಾಗಿದ್ದು ಹಿಂದಿನವನಿಗೆ ತಡವಾಗಿ ತಿಳಿಯುತ್ತದೆ. ತಿರುವಿಗೆ ಮುಂಚೆಯೇ, ಚಕ್ರ ಹಿಡಿಯದಷ್ಟು ಹಗುರವಾಗಿ ಪೆಡಲನ್ನು ಎರಡು ಬಾರಿ ಮುಟ್ಟಿ. ದೀಪ ಹೊತ್ತಿದರೆ ಸಾಕು.

ರಸ್ತೆ ಅಗಲವಾದ ಕಡೆ, ಬಹಳ ಮುಂಚಿತವಾಗಿ ಎಡ ಇಂಡಿಕೇಟರ್ ಹಾಕಿ ಅವನನ್ನು ಮುಂದೆ ಬಿಡಿ. ಬೆಂಗಳೂರು-ಮೈಸೂರು ಹೆದ್ದಾರಿಯಂಥ ರಸ್ತೆಯಲ್ಲಿ, ಓವರ್‌ಟೇಕ್ ಮುಗಿದ ಮೇಲೂ ಬಲ ಲೇನಿನಲ್ಲೇ ಉಳಿಯುವ ನಮ್ಮ ಅಭ್ಯಾಸವೂ ಇಂಥವರನ್ನು ಬೆನ್ನಿಗೆ ಕಟ್ಟಿಕೊಳ್ಳಲು ಕಾರಣ ಎಂಬುದನ್ನು ಒಪ್ಪಿಕೊಳ್ಳಬೇಕು. ದ್ವಿಚಕ್ರ ಸವಾರರು ದಾರಿ ಬಿಡುವ ಗಡಿಬಿಡಿಯಲ್ಲಿ ಡಾಂಬರಿನ ಅಂಚಿನ ಜಲ್ಲಿಗೆ ಇಳಿಯಬಾರದು.

ದಾರಿ ಬಿಟ್ಟರೂ ಮುಂದೆ ಹೋಗದೆ, ನೀವು ತಿರುಗಿದಲ್ಲೆಲ್ಲ ತಿರುಗುವ ವಾಹನದ ಮಾತೇ ಬೇರೆ. ಆಗ ಮನೆಗೆ ಹೋಗಬೇಡಿ, ನಿರ್ಜನ ಸ್ಥಳದಲ್ಲಿ ನಿಲ್ಲಿಸಬೇಡಿ. ಬೆಳಕೂ ಜನರೂ ಇರುವ ಪೆಟ್ರೋಲ್ ಬಂಕಿಗೋ ಪೊಲೀಸ್ ಠಾಣೆಗೋ ನೇರವಾಗಿ ಹೋಗಿ. ಜೊತೆಗಿರುವವರು 112ಕ್ಕೆ ಕರೆ ಮಾಡಲಿ.

ಇನ್ನು, ನಾಳೆ ಕಾರು ತೆಗೆಯುವ ಮುನ್ನ ಮನೆಯವರೊಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿ ನೋಡಿ. ಬಲ್ಬ್ ಸುಟ್ಟಿದ್ದರೆ ಒಳಗೆ ಕುಳಿತವರಿಗೆ ಅದು ಗೊತ್ತಾಗುವುದೇ ಇಲ್ಲ.

ನಮಸ್ಕಾರ.