ಮಾರ್ಚ್ 21: ಬಾಖ್, ಬಿಸ್ಮಿಲ್ಲಾ ಮತ್ತು ತಾರೀಖಿನ ತಕರಾರು

ಎಲ್ಲರಿಗೂ ನಮಸ್ಕಾರ. ಬಿಸಿಲಲ್ಲಿ ಬಂದಿದ್ದೀರಿ, ಫ್ಯಾನಿನ ಕೆಳಗೆ ಕೂತುಕೊಳ್ಳಿ.

ಇವತ್ತು ಮಾರ್ಚ್ 21. ಜರ್ಮನಿಯ ಸಂಗೀತ ರಚನಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್ ಐಸೆನಾಖ್ ಎಂಬ ಊರಿನಲ್ಲಿ ಹುಟ್ಟಿದ್ದು 1685ರ ಮಾರ್ಚ್ 21. ರಷ್ಯಾದ ಸಂಗೀತ ರಚನಕಾರ ಮುಸೋರ್ಗ್‌ಸ್ಕಿ ಹುಟ್ಟಿದ್ದು 1839ರ ಮಾರ್ಚ್ 21. ನಮ್ಮ ಉಸ್ತಾದ್ ಬಿಸ್ಮಿಲ್ಲಾ ಖಾನ್ ಬಿಹಾರದ ಡುಮರಾಂವ್‌ನಲ್ಲಿ ಹುಟ್ಟಿದ್ದು 1916ರ ಮಾರ್ಚ್ 21. ಜಾತಕ ನೋಡುವವರಿಗೆ ಹಬ್ಬ, ಅಲ್ವಾ?

ಆದರೆ ಇಲ್ಲೊಂದು ತಕರಾರಿದೆ. ಬಾಖ್ ಹುಟ್ಟಿದಾಗ ಅವನ ಸೀಮೆಯವರು ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಇಟ್ಟುಕೊಂಡಿದ್ದರು. ಹೊಸ ಗ್ರೆಗೋರಿಯನ್ ಕ್ಯಾಲೆಂಡರ್ ತಂದವರು ರೋಮಿನ ಪೋಪ್. ಐಸೆನಾಖ್‌ನವರು ಪ್ರಾಟೆಸ್ಟೆಂಟರು. ಪೋಪ್ ಹೇಳಿದ್ದನ್ನು ಅವರು ಯಾಕೆ ಕೇಳುತ್ತಾರೆ? ಅವರು ಹೊಸ ಲೆಕ್ಕಕ್ಕೆ ಬಂದದ್ದು 1700ರಲ್ಲಿ. ಬಾಖ್ ಹುಟ್ಟಿದಾಗ ಎರಡು ಲೆಕ್ಕಗಳ ನಡುವೆ ಹತ್ತು ದಿನದ ಅಂತರ. ಹಾಗಾಗಿ ನಮ್ಮ ಈಗಿನ ಲೆಕ್ಕದಲ್ಲಿ ಬಾಖ್ ಹುಟ್ಟಿದ್ದು ಮಾರ್ಚ್ 31. ಮುಸೋರ್ಗ್‌ಸ್ಕಿಯ ಕತೆ ಉಲ್ಟಾ. ಅವನ ಊರಿನ ಹಳೇ ಲೆಕ್ಕದಲ್ಲಿ ಅದು ಮಾರ್ಚ್ 9. ಅಷ್ಟು ಹೊತ್ತಿಗೆ ಅಂತರ ಹನ್ನೆರಡು ದಿನಕ್ಕೆ ಬೆಳೆದಿತ್ತು; ಅದನ್ನು ಸೇರಿಸಿ 21 ಮಾಡಿದ್ದು ನಾವು. ಒಬ್ಬನಿಗೆ ಹಳೇ ಲೆಕ್ಕ, ಇನ್ನೊಬ್ಬನಿಗೆ ಹೊಸ ಲೆಕ್ಕ. ಇಬ್ಬರಿಗೂ ಒಂದೇ ತಕ್ಕಡಿ ಹಿಡಿದರೆ ಒಬ್ಬ ಇವತ್ತಿನ ದಿನದಿಂದ ಎದ್ದು ಹೋಗಲೇಬೇಕು. ಇದರ ಮೇಲೆ ಮುಸೋರ್ಗ್‌ಸ್ಕಿಗೆ ತನ್ನ ಹುಟ್ಟಿದ ದಿನವೇ ಸರಿಯಾಗಿ ಗೊತ್ತಿರಲಿಲ್ಲ. ಒಂದು ವಾರ ತಡವಾಗಿ, ಹಳೇ ಲೆಕ್ಕದ ಮಾರ್ಚ್ 9ರ ಬದಲು 16 ಎಂದುಕೊಂಡಿದ್ದ. ನಗಬೇಡಿ. ನಮ್ಮಲ್ಲೂ ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖೇ ಹುಟ್ಟಿದ ದಿನವಾದವರು ಈ ಸಭೆಯಲ್ಲೇ ನಾಲ್ಕು ಜನ ಸಿಗಬಹುದು.

ನಮ್ಮ ಸಂಗೀತಗಾರರಂತೂ ಈ ತಾರೀಖಿನ ಗೊಡವೆಗೇ ಹೋಗಲಿಲ್ಲ. ಪುರಂದರದಾಸರ ಆರಾಧನೆ ಪುಷ್ಯ ಅಮಾವಾಸ್ಯೆಗೆ, ತ್ಯಾಗರಾಜರದ್ದು ಪುಷ್ಯ ಬಹುಳ ಪಂಚಮಿಗೆ. ಕ್ಯಾಲೆಂಡರಿನಲ್ಲಿ ಅದು ವರ್ಷವರ್ಷ ಓಡಾಡುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಿಸ್ಮಿಲ್ಲಾ ಖಾನರ ವರ್ಷದಲ್ಲೂ ಇಂಥದೊಂದು ಓಡಾಡುವ ದಿನ ಇತ್ತು. ಮೊಹರಂ ತಿಂಗಳ ಎಂಟನೆಯ ದಿನ. ಅವತ್ತು ರಾಗ ಇಲ್ಲ, ಕಛೇರಿ ಇಲ್ಲ. ಬನಾರಸಿನ ದಾಲ್‌ಮಂಡಿಯಿಂದ ಫಾತಮಾನ್ ಎಂಬ ಸ್ಮಶಾನದವರೆಗೆ ನಡೆದುಕೊಂಡು, ಕಣ್ಣೀರಿಡುತ್ತ, ಶಹನಾಯಿಯಲ್ಲಿ ಶೋಕದ ನೌಹಾ ನುಡಿಸುತ್ತಿದ್ದರು. 2006ರಲ್ಲಿ ಅವರನ್ನು ಮಣ್ಣು ಮಾಡಿದ್ದೂ ಆ ಫಾತಮಾನ್‌ನಲ್ಲೇ, ಒಂದು ಬೇವಿನ ಮರದ ಕೆಳಗೆ.

ಬಾಖ್ ಮತ್ತು ಬಿಸ್ಮಿಲ್ಲಾ ಅವರನ್ನು ಒಟ್ಟಿಗೆ ಇಟ್ಟು ನೋಡಲು ನನಗೆ ತಾರೀಖು ಸುಮ್ನೆ ಒಂದು ನೆಪ. ಇಬ್ಬರದ್ದೂ ಗಾಳಿಯ ಕಸುಬು. ಬಾಖ್‌ಗೆ ಹೆಸರು ತಂದ ವಾದ್ಯ ಚರ್ಚಿನ ಆರ್ಗನ್, ಕೊಳವೆಗಳಿಗೆ ಗಾಳಿ ನುಗ್ಗಿಸಿ ನುಡಿಸುವಂಥದ್ದು. ಅವನು ನುಡಿಸಬೇಕಾದರೆ ಹಿಂದೆ ಯಾರಾದರೂ ನಿಂತು ತಿದಿ ತುಳಿಯುತ್ತಿರಬೇಕು. ಅವರು ಕಾಲು ನಿಲ್ಲಿಸಿದರೆ ಬಾಖ್ ಕೂಡ ಮೂಕ. ಬಿಸ್ಮಿಲ್ಲಾಗೆ ಅವರ ಕೆನ್ನೆಯೇ ತಿದಿ. ಇಬ್ಬರೂ ದೇವರ ಮನೆಯ ನೌಕರಿಯ ಹಿನ್ನೆಲೆಯವರು. ಬಿಸ್ಮಿಲ್ಲಾಗೆ ಕಲಿಸಿದ ಅಲಿ ಬಖ್ಶ್ ಕಾಶಿ ವಿಶ್ವನಾಥನ ಗುಡಿಯಲ್ಲಿ ಶಹನಾಯಿ ಊದುತ್ತಿದ್ದವರು. ಹುಡುಗ ಅಭ್ಯಾಸ ಮಾಡಿದ್ದು ಗಂಗೆಯ ದಡದ ಬಾಲಾಜಿ ಗುಡಿಯಲ್ಲಿ. ಬಾಖ್ 1723ರಿಂದ ಸಾಯುವವರೆಗೆ, ಅಂದರೆ 1750ರವರೆಗೆ, ಲೈಪ್‌ಜಿಗ್‌ನ ಸೇಂಟ್ ಥಾಮಸ್ ಚರ್ಚಿನ ಸಂಗೀತದ ಉಸ್ತುವಾರಿ. ಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಹೊಸ ಕ್ಯಾಂಟಾಟಾ, ಅಂದರೆ ವಾದ್ಯಗಳ ಜೊತೆ ಹಾಡುವ ಕೃತಿ, ಬರೆದ. ಭಾನುವಾರದೊಳಗೆ ಬರೆದು, ಪ್ರತಿ ಮಾಡಿಸಿ, ಹುಡುಗರಿಗೆ ಹಾಡಲು ಕಲಿಸಬೇಕು. ಸ್ಫೂರ್ತಿ ಬರಲಿ ಅಂತ ಕಾಯಲು ಪುರುಸೊತ್ತೆಲ್ಲಿ?

ಅದಕ್ಕೂ ಮೊದಲಿನ ಒಂದು ಪ್ರಸಂಗ ನನಗೆ ತುಂಬ ಇಷ್ಟ. 1705. ಬಾಖ್‌ಗೆ ಇಪ್ಪತ್ತು ವರ್ಷ, ಆರ್ನ್‌ಸ್ಟಾಟ್ ಎಂಬ ಊರಿನ ಚರ್ಚಿನಲ್ಲಿ ಕೆಲಸ. ದೂರದ ಲ್ಯೂಬೆಕ್‌ನಲ್ಲಿ ಬುಕ್ಸ್‌ಟೆಹೂಡೆ ಎಂಬ ಹಿರಿಯ ಆರ್ಗನ್ ವಾದಕರಿದ್ದರು. ಅವರನ್ನು ಕೇಳಬೇಕು ಎಂದು ನಾಲ್ಕು ವಾರ ರಜ ತೆಗೆದುಕೊಂಡು ಹೊರಟ. ಸುಮಾರು 400 ಕಿಲೋಮೀಟರ್, ನಡೆದುಕೊಂಡೇ. ವಾಪಸ್ಸು ಬಂದದ್ದು ನಾಲ್ಕು ತಿಂಗಳಾದ ಮೇಲೆ! ಬಂದವನನ್ನು ಚರ್ಚಿನವರು ಕೂರಿಸಿಕೊಂಡು ವಿಚಾರಣೆ ಮಾಡಿದರು. ಮಾಡದೆ ಇರುತ್ತಾರೆಯೇ.

ಇದೇ ದಿನದ ಇನ್ನೊಂದು ಗಲಾಟೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1952ರ ಮಾರ್ಚ್ 21, ಅಮೆರಿಕದ ಕ್ಲೀವ್‌ಲ್ಯಾಂಡ್. ರೇಡಿಯೋದ ಆಲನ್ ಫ್ರೀಡ್ ಏರ್ಪಡಿಸಿದ್ದ 'ಮೂನ್‌ಡಾಗ್ ಕಾರೊನೇಷನ್ ಬಾಲ್'. ಮೊದಲ ದೊಡ್ಡ ರಾಕ್ ಅಂಡ್ ರೋಲ್ ಕಾರ್ಯಕ್ರಮ ಎಂದು ಅದನ್ನು ಕರೆಯುತ್ತಾರೆ. ಹತ್ತು ಸಾವಿರ ಜನರ ಜಾಗಕ್ಕೆ ಅದರ ಎರಡರಷ್ಟು ಜನ ನುಗ್ಗಿದರು. ಪೊಲೀಸರು ಬಂದು ಶುರುವಿನಲ್ಲೇ ನಿಲ್ಲಿಸಿದರು. ಚರಿತ್ರೆಗೆ ಸೇರಿದ ಆ ಕಾರ್ಯಕ್ರಮದಲ್ಲಿ ಹಾಡು ಕೇಳಿದವರಿಗಿಂತ ತಳ್ಳಾಟ ಕಂಡವರೇ ಜಾಸ್ತಿ.

ಇನ್ನು 1977ಕ್ಕೆ ಬರೋಣ. ಆ ವರ್ಷ ಎರಡು ವಾಯೇಜರ್ ನೌಕೆಗಳು ಆಕಾಶಕ್ಕೆ ಹಾರಿದವು. ಒಂದೊಂದರಲ್ಲೂ ಚಿನ್ನದ ಲೇಪದ ತಾಮ್ರದ ಒಂದು ಗ್ರಾಮಫೋನ್ ತಟ್ಟೆ. ಅದರಲ್ಲಿ ಬಾಖ್‌ನ ಮೂರು ತುಣುಕುಗಳಿವೆ, ನಮ್ಮ ಕೇಸರಬಾಯಿ ಕೇರ್ಕರ್ ಅವರ ಭೈರವಿ ಇದೆ. ಬಿಸ್ಮಿಲ್ಲಾ ಅದರಲ್ಲಿಲ್ಲ. ಅವರ ಶಹನಾಯಿ ಅದೇ 1977ರಲ್ಲಿ ಕೇಳಿಸಿದ್ದು ನಮ್ಮ ಟಾಕೀಸುಗಳಲ್ಲಿ. 'ಸನಾದಿ ಅಪ್ಪಣ್ಣ'ದಲ್ಲಿ ತೆರೆಯ ಮೇಲೆ ಸನಾದಿ ಹಿಡಿದವರು ರಾಜಕುಮಾರ್, ಉಸಿರು ಬಿಸ್ಮಿಲ್ಲಾ ಅವರದ್ದು. ಉತ್ತರ ಕರ್ನಾಟಕದವರು ಶಹನಾಯಿಯನ್ನು ಸನಾದಿ ಎನ್ನುತ್ತಾರೆ. ನಮ್ಮ ಮೈಸೂರು ಕಡೆ ಮದುವೆ ಎಂದರೆ ನಾಗಸ್ವರ, ವಾಲಗ. ಹಾಗಾಗಿ ಸನಾದಿ ಎಂಬ ಹೆಸರು ನಮ್ಮ ಕಡೆಯ ಎಷ್ಟೋ ಜನರ ಕಿವಿಗೆ ಬಿದ್ದದ್ದೇ ಆ ಸಿನಿಮಾದಿಂದ.

ಮಾತು ಸಾಕು. ಆ ಸಿನಿಮಾದಲ್ಲಿ ಎಸ್. ಜಾನಕಿಯವರ ದನಿಯ ಜೊತೆಗೆ ಶಹನಾಯಿ ಬರುವ ಹಾಡನ್ನು ಮೊದಲು ಹಾಕುತ್ತೇನೆ. ಆಮೇಲೆ ಬಾಖ್‌ನ ಆರ್ಗನ್. ಸ್ಪೀಕರ್ ಚಿಕ್ಕದು. ಹಿಂದಿನ ಸಾಲಿನವರು ಸ್ವಲ್ಪ ಮುಂದಕ್ಕೆ ಬನ್ನಿ. ಯಾರಾದರೂ ಆ ಫ್ಯಾನ್ ಆರಿಸಿಬಿಡಿ.