ಹೊರದೇಶದ ಕೆಲಸ: ಭಾಷೆ ಬಂದರೆ ಸಾಕಾ, ಮನಸ್ಸಿದ್ದರೆ ಸಾಕಾ?

ನಮಸ್ಕಾರ. ಹೊರದೇಶಕ್ಕೆ ಕೆಲಸಕ್ಕೆ ಹೊರಟವರಿಗೆ ನಮ್ಮಲ್ಲಿ ಎರಡು ಬಗೆಯ ಬುದ್ಧಿಮಾತು ಸಿಗುತ್ತದೆ. ಕೆಲವರು "ಮೊದಲು ಅಲ್ಲಿಯ ಭಾಷೆ ಕಲಿ, ಆಮೇಲೆ ಎಲ್ಲ ಸರಿಹೋಗುತ್ತೆ" ಅನ್ನುತ್ತಾರೆ. ಇನ್ನು ಕೆಲವರು "ಜನರ ಜೊತೆ ಬೆರೆಯೋ ಮನಸ್ಸಿದ್ರೆ ಸಾಕು, ಭಾಷೆ ಹಿಂದೆಯೇ ಬರುತ್ತೆ" ಅನ್ನುತ್ತಾರೆ. ಎರಡೂ ಅರ್ಧ ಸರಿ. ಉಳಿದ ಅರ್ಧ ಏನು ಅಂತ ಇವತ್ತು ನೋಡೋಣ. ಅದಕ್ಕೆ ಇಬ್ಬರ ಕತೆ ಹೇಳಬೇಕು. ಇಬ್ಬರೂ ನಿಜವಾಗಿ ಬದುಕಿದ್ದವರು.

[ಪರದೆಯ ಮೇಲೆ: ಕೇಂಬ್ರಿಡ್ಜ್, ಮ್ಯಾಸಚೂಸೆಟ್ಸ್, 1973]

ಮೊದಲನೆಯವರು ಆಲ್ಬರ್ಟೊ. ಕೋಸ್ಟರಿಕಾದಿಂದ ಅಮೆರಿಕಕ್ಕೆ ಬಂದ 33 ವರ್ಷದ ಕಾರ್ಮಿಕ. ಮನೆಮಾತು ಸ್ಪ್ಯಾನಿಷ್. ಜಾನ್ ಶೂಮನ್ ಎಂಬ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು ಸ್ಪ್ಯಾನಿಷ್ ಮಾತಾಡುವ ಆರು ಜನರನ್ನು ಹತ್ತು ತಿಂಗಳು ಹಿಂಬಾಲಿಸಿ, ಅವರ ಇಂಗ್ಲಿಷ್ ಹೇಗೆ ಬೆಳೆಯುತ್ತದೆ ಎಂದು ನೋಡಿದರು. ಆರು ಜನರಲ್ಲಿ ಎಲ್ಲರಿಗಿಂತ ಹಿಂದೆ ಉಳಿದವರು ಆಲ್ಬರ್ಟೊ. ಇಂಗ್ಲಿಷಿನಲ್ಲಿ 'ಇಲ್ಲ' ಅನ್ನಬೇಕಾದಾಗಲೆಲ್ಲ ಕ್ರಿಯಾಪದಕ್ಕಿಂತ ಮೊದಲು ಒಂದು 'ನೋ' ಸೇರಿಸಿಬಿಡುತ್ತಿದ್ದರು. 'ಐ ನೋ ಅಂಡರ್‌ಸ್ಟ್ಯಾಂಡ್' ಅನ್ನುವ ಹಾಗೆ. ಹತ್ತು ತಿಂಗಳಾದರೂ ಅದು ಹೆಚ್ಚು ಕಡಿಮೆ ಅಲ್ಲೇ ನಿಂತಿತ್ತು.

ಹಾಗಾದರೆ ಬುದ್ಧಿ ಮಂದವೇ? ಶೂಮನ್ ಅದನ್ನೂ ಪರೀಕ್ಷೆ ಮಾಡಿದರು. ಅಂಥ ಕೊರತೆ ಏನೂ ಕಾಣಲಿಲ್ಲ. ವಯಸ್ಸಾ? ಗುಂಪಿನಲ್ಲಿ ಇನ್ನೊಬ್ಬರು ವಯಸ್ಕರೂ ಇದ್ದರು, ಅವರ ಇಂಗ್ಲಿಷ್ ಮುಂದೆ ಹೋಗಿತ್ತು. ಆಮೇಲೆ ಶೂಮನ್ ಆಲ್ಬರ್ಟೊರಿಗೆ 'ಇಲ್ಲ' ಎಂದು ಹೇಳುವ ಕ್ರಮವನ್ನು ಕೂರಿಸಿಕೊಂಡು ಕಲಿಸಿದರು. ಅಭ್ಯಾಸದ ಹೊತ್ತಿನಲ್ಲಿ ಸುಧಾರಿಸಿತು. ಸುಮ್ನೆ ಮಾತಿಗೆ ಕೂತಾಗ ಮತ್ತೆ ಅದೇ 'ನೋ'.

ಆಗ ಶೂಮನ್ ಅವರ ದಿನಚರಿಯ ಕಡೆ ಕಣ್ಣು ಹಾಯಿಸಿದರು. ಮನೆಯಲ್ಲಿ ಟಿವಿ ಇಲ್ಲ. ಒಳ್ಳೆಯ ಸ್ಟೀರಿಯೊ ಕೊಂಡಿದ್ದರು, ಅದರಲ್ಲಿ ಹೆಚ್ಚಾಗಿ ಸ್ಪ್ಯಾನಿಷ್ ಹಾಡು. ಒಡನಾಟವೆಲ್ಲ ಸ್ಪ್ಯಾನಿಷ್ ಮಾತಾಡುವವರ ಜೊತೆ. ಹಗಲು ಕೆಲಸ ಮಾಡಿ, ರಾತ್ರಿಯೂ ಕೆಲಸ ಹಿಡಿದಿದ್ದರು. ಇಂಗ್ಲಿಷ್ ಕ್ಲಾಸಿಗೆ ಹೋಗಿರಲಿಲ್ಲ. ಇಲ್ಲಿಂದ ಶೂಮನ್ 1978ರಲ್ಲಿ ಒಂದು ಸಿದ್ಧಾಂತ ಮುಂದಿಟ್ಟರು. ಆ ಭಾಷೆಯ ಜನರಿಗೆ ನೀವು ಎಷ್ಟು ಹತ್ತಿರವಾಗುತ್ತೀರೋ, ಭಾಷೆಯೂ ಅಷ್ಟೇ ಬರುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಕತೆ ಕೇಳಿ "ಆಲ್ಬರ್ಟೊಗೆ ಕಲಿಯೋ ಮನಸ್ಸೇ ಇರಲಿಲ್ಲ" ಅಂತ ತೀರ್ಮಾನ ಮಾಡಬೇಡಿ. ಎರಡು ಕೆಲಸ ಮಾಡುವ ಮನುಷ್ಯನಿಗೆ ಸಂಜೆ ಕ್ಲಾಸಿಗೆ ಹೋಗು ಅನ್ನೋದು ಸುಲಭ. ಶೂಮನ್ ಕೂಡ ದೂರವನ್ನು ಒಬ್ಬನ ಮನಸ್ಸಿನೊಳಗೆ ಮಾತ್ರ ಹುಡುಕಲಿಲ್ಲ. ಎರಡು ಸಮುದಾಯಗಳ ನಡುವಿನ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಯಾರು ಮೇಲು, ಯಾರು ಕೆಳಗೆ, ಯಾರು ಯಾರ ಮನೆಗೆ ಹೋಗುತ್ತಾರೆ, ಇವೂ ಅದರಲ್ಲಿ ಸೇರಿದ್ದವು.

[ಪರದೆಯ ಮೇಲೆ: ಹೊನೊಲುಲು, ಹವಾಯಿ]

ಎರಡನೆಯವರು ವೆಸ್. ಜಪಾನಿನ ಚಿತ್ರಕಲಾವಿದ. ಕೆಲಸಕ್ಕಾಗಿ ಹವಾಯಿಗೆ ಬಂದು ನೆಲೆಸಿದವರು. ಎಲ್ಲದರಲ್ಲೂ ಆಲ್ಬರ್ಟೊರಿಗೆ ವಿರುದ್ಧ. ಅಮೆರಿಕದ ಜನರೆಂದರೆ ಪ್ರೀತಿ. ಸ್ನೇಹಿತರು, ಗಿರಾಕಿಗಳು, ದಿನದ ಮಾತುಕತೆ, ಹೆಚ್ಚಿನದೆಲ್ಲ ಇಂಗ್ಲಿಷಿನಲ್ಲೇ. ಶೂಮನ್ ಹೇಳಿದ್ದು ಪೂರ್ತಿ ನಿಜವಾಗಿದ್ದರೆ ವೆಸ್ ಇಂಗ್ಲಿಷ್ ಅರಳು ಹುರಿದ ಹಾಗೆ ಇರಬೇಕಿತ್ತು, ಅಲ್ವಾ? ರಿಚರ್ಡ್ ಶ್ಮಿಟ್ ಎಂಬ ಭಾಷಾಶಾಸ್ತ್ರಜ್ಞರು ಇವರನ್ನು ಮೂರು ವರ್ಷ ಗಮನಿಸಿ 1983ರಲ್ಲಿ ಬರೆದರು.

ವೆಸ್ ಅವರ ವ್ಯಾಕರಣ ಹೆಚ್ಚು ಕಡಿಮೆ ಇದ್ದಲ್ಲೇ ಇತ್ತು. ಬಹುವಚನ ಹಚ್ಚುವುದಿಲ್ಲ, ನಿನ್ನೆಯ ಮಾತಿಗೆ ಭೂತಕಾಲದ ರೂಪ ಇಲ್ಲ. ಆದರೆ ಮಾತುಕತೆಯ ಜಾಣ್ಮೆ ಬೆಳೆದಿತ್ತು. ಮೊದಮೊದಲು "ಕೂರೋಣವಾ?" ಅನ್ನೋದಕ್ಕೆ ಬರೀ "ಸಿಟ್ಟಿಂಗ್?" ಅಂದುಬಿಡುತ್ತಿದ್ದವರು, ಆಮೇಲೆ ಕೇಳುವ, ಒಪ್ಪಿಸುವ, ಸೂಚ್ಯವಾಗಿ ಹೇಳುವ ರೀತಿಗಳನ್ನೆಲ್ಲ ಕಲಿತರು. ಹರಟೆ ಹೊಡೆಯಲು ಬರುತ್ತಿತ್ತು. ಜನ ಅವರನ್ನು ಇಷ್ಟಪಡುತ್ತಿದ್ದರು. ಹೊರದೇಶದಲ್ಲಿ ಸುಖವಾಗಿ ಬದುಕಲು ಇಷ್ಟು ಸಾಲದೇ ಅಂತ ನೀವು ಕೇಳಬಹುದು. ಒಬ್ಬ ಚಿತ್ರಕಲಾವಿದನಿಗೆ ಸಾಕು. ಒಬ್ಬ ನರ್ಸಿಗೆ ಸಾಲದು. ಆ ಮಾತಿಗೆ ಆಮೇಲೆ ಬರುತ್ತೇನೆ.

ಶ್ಮಿಟ್ ಅಲ್ಲಿಗೇ ನಿಲ್ಲಿಸಲಿಲ್ಲ. ನನಗೆ ತುಂಬ ಇಷ್ಟವಾದ ಭಾಗ ಇದು. ಅವರು ಬ್ರೆಜಿಲ್‌ಗೆ ಹೋಗಿ ತಾವೇ ಪೋರ್ಚುಗೀಸ್ ಕಲಿತರು, ದಿನಚರಿ ಬರೆದಿಟ್ಟರು, ತಮ್ಮ ಮಾತನ್ನು ರೆಕಾರ್ಡ್ ಮಾಡಿಸಿಕೊಂಡರು. ಆಮೇಲೆ ಎರಡನ್ನೂ ಇಟ್ಟು ಹೋಲಿಸಿದರು. ಕ್ಲಾಸಿನಲ್ಲಿ ಹೇಳಿಕೊಟ್ಟ ಎಷ್ಟೋ ರೂಪಗಳು ಬಾಯಿಗೆ ಬಂದೇ ಇರಲಿಲ್ಲ. ಜನರ ಮಾತಿನಲ್ಲಿ ಯಾವುದನ್ನು "ಓ, ಇವರು ಇದನ್ನು ಹೀಗೆ ಹೇಳ್ತಾರೆ" ಎಂದು ಗಮನಿಸಿದ್ದರೋ, ಅದು ಬಾಯಿಗೆ ಬರತೊಡಗಿತ್ತು. ಅಂದರೆ ಜನರ ನಡುವೆ ಇರುವ ಮನಸ್ಸೂ ಬೇಕು. ಅವರು ಏನಂದರು ಅನ್ನೋದರ ಜೊತೆಗೆ, ಹೇಗೆ ಅಂದರು ಎಂದು ಕಿವಿ ಕೊಡುವ ಅಭ್ಯಾಸವೂ ಬೇಕು.

"ಹೊಟ್ಟೆಪಾಡಿಗೆ ಕಲಿಯೋ ಭಾಷೆ ಕೈ ಹತ್ತಲ್ಲ, ಪ್ರೀತಿಯಿಂದ ಕಲೀಬೇಕು" ಅಂತಲೂ ಹೇಳುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಕೆನಡಾದಲ್ಲಿ ಗಾರ್ಡ್ನರ್ ಮತ್ತು ಲ್ಯಾಂಬರ್ಟ್ ಎಂಬ ಮನಶ್ಶಾಸ್ತ್ರಜ್ಞರು ಮೊದಲು ಪ್ರೀತಿಯ ಪಕ್ಷವನ್ನೇ ಎತ್ತಿ ಹಿಡಿದಿದ್ದರು. ಆದರೆ 1972ರಲ್ಲಿ ಬಾಂಬೆಯ ಮರಾಠಿ ಮನೆಮಾತಿನ ವಿದ್ಯಾರ್ಥಿನಿಯರ ಮೇಲೆ ನಡೆದ ಅಧ್ಯಯನದಲ್ಲಿ, ಕೆಲಸ ಮತ್ತು ಬದುಕಿನ ಏಳಿಗೆಗಾಗಿ ಇಂಗ್ಲಿಷ್ ಬೇಕು ಅಂದವರದೇ ಇಂಗ್ಲಿಷ್ ಚೆನ್ನಾಗಿತ್ತು. ಸಂಬಳಕ್ಕಾಗಿ ಕಲಿಯೋದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

[ಪರದೆಯ ಮೇಲೆ: ಜರ್ಮನಿ, 1961]

ಈಗ ಜರ್ಮನಿಗೆ ಬರೋಣ. ಕರ್ನಾಟಕದಿಂದ ಎಂಜಿನಿಯರುಗಳು, ನರ್ಸುಗಳು, ವಿದ್ಯಾರ್ಥಿಗಳು ಹೋಗುತ್ತಿರುವ ದೇಶ ಅದು. ಆದರೆ ಅವರಿಗಿಂತ ಬಹಳ ಮುಂಚೆ ಹೋದವರ ಕತೆ ಮೊದಲು ಹೇಳುತ್ತೇನೆ. 1961ರಲ್ಲಿ ಪಶ್ಚಿಮ ಜರ್ಮನಿ ಟರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಕಾರ್ಖಾನೆ, ಗಣಿಗಳಿಗೆ ಜನರನ್ನು ಕರೆಸಿಕೊಂಡಿತು. ಇವರು ಕೆಲವು ವರ್ಷ ದುಡಿದು ವಾಪಸ್ ಹೋಗುತ್ತಾರೆ ಎಂದು ಸರ್ಕಾರ ಅಂದುಕೊಂಡಿತ್ತು. ಬಂದವರಲ್ಲೂ ಬಹಳ ಜನ ಹಾಗೇ ಅಂದುಕೊಂಡಿದ್ದರು. ಎಷ್ಟೋ ಜನರ ವಾಸ ಕಾರ್ಖಾನೆಯ ಹಾಸ್ಟೆಲಿನಲ್ಲಿ, ತಮ್ಮ ಊರಿನವರ ಜೊತೆ. ಮಷಿನ್ ನಡೆಸಲು ಬೇಕಾದಷ್ಟು ಜರ್ಮನ್ ಬಂದರೆ ಆಯಿತು. ಇಷ್ಟು ಸಾಕು ಎಂದು ಎರಡೂ ಕಡೆಯವರು ಸುಮ್ಮನಾದರು.

1973ರಲ್ಲಿ ಜನರನ್ನು ಕರೆಸುವುದು ನಿಂತಿತು. ಒಮ್ಮೆ ಹೋದರೆ ಮತ್ತೆ ಬರುವಂತಿಲ್ಲ ಎಂದಾಗ ಬಹಳ ಜನ ಅಲ್ಲೇ ಉಳಿದು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ದೇಶವ್ಯಾಪಿಯಾಗಿ ಸರ್ಕಾರವೇ ಭಾಷೆ ಕಲಿಸುವ ವ್ಯವಸ್ಥೆ ಬಂದದ್ದು ಯಾವಾಗ ಗೊತ್ತಾ? 2005ರಲ್ಲಿ. ಟರ್ಕಿಯ ಜೊತೆ ಒಪ್ಪಂದವಾಗಿ ನಾಲ್ಕು ದಶಕ ಕಳೆದ ಮೇಲೆ! ಈಗಿನ ಸಾಮಾನ್ಯ ಕೋರ್ಸಿನಲ್ಲಿ 600 ತರಗತಿ ಭಾಷೆಗೆ, 100 ತರಗತಿ ಆ ದೇಶದ ಕಾನೂನು, ಇತಿಹಾಸ, ಬದುಕಿನ ರೀತಿಗೆ. ಕೊನೆಯಲ್ಲಿ 33 ಪ್ರಶ್ನೆಗಳ ಪರೀಕ್ಷೆ. "ಅವರು ಇಷ್ಟು ವರ್ಷವಾದರೂ ಭಾಷೆ ಕಲಿಯಲಿಲ್ಲ" ಎಂದು ಹಳೆಯ ಕಾರ್ಮಿಕರನ್ನು ಬೈಯುವವರಿಗೆ ಈ ಇಸವಿಗಳನ್ನು ತೋರಿಸಬೇಕು ಅನ್ನಿಸುತ್ತದೆ. ಕಲಿಯುವವರ ಧೋರಣೆಯಷ್ಟೇ, ಕರೆಸಿಕೊಂಡವರ ಧೋರಣೆಯೂ ಮುಖ್ಯ.

ಈಗಿನ ನಮ್ಮವರ ಕಡೆ ಬರೋಣ. ಐಟಿಯವರದು ಒಂದು ದಾರಿ, ನರ್ಸುಗಳದು ಇನ್ನೊಂದು.

ಬೆಂಗಳೂರಿನಿಂದ ಬರ್ಲಿನ್‌ಗೋ ಮ್ಯೂನಿಕ್‌ಗೋ ಹೋದ ಸಾಫ್ಟ್‌ವೇರ್ ಎಂಜಿನಿಯರಿಗೆ ಆಫೀಸಿನಲ್ಲಿ ಇಂಗ್ಲಿಷ್ ಸಾಕಾಗಬಹುದು. ತರಕಾರಿ ಅಂಗಡಿಯಲ್ಲಿ ಮಾತೇ ಬೇಡ, ಕಾರ್ಡ್ ಸಾಕು. ವಾರದ ಕೊನೆಗೆ ಕನ್ನಡದ ಗೆಳೆಯರು. ದಿನ ಸಲೀಸಾಗಿ ಸಾಗುತ್ತದೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಜರ್ಮನ್ ಸಹೋದ್ಯೋಗಿಗಳು ಒಂದು ಮೇಜಿಗೆ, ನಮ್ಮವರು ಇನ್ನೊಂದು ಮೇಜಿಗೆ. ಯಾರೂ ಯಾರನ್ನೂ ದೂರ ಇಟ್ಟಿಲ್ಲ. ಆದರೂ ಮೀಟಿಂಗ್ ಮುಗಿದ ಮೇಲೆ ನಡೆಯುವ ಮಾತು, ಯಾರು ಕೆಲಸ ಬಿಡುತ್ತಿದ್ದಾರೆ, ಮುಂದಿನ ಪ್ರಾಜೆಕ್ಟ್ ಯಾರ ಕೈಗೆ ಅನ್ನೋ ಸುದ್ದಿ, ಆ ಇನ್ನೊಂದು ಮೇಜಿನಲ್ಲಿ ಜರ್ಮನ್‌ನಲ್ಲೇ ಓಡಾಡುತ್ತಿರುತ್ತದೆ. ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ಹೊರದೇಶದ ಉದ್ಯೋಗಿಗಳಿಗೆ ಕೊಡುವ ಪರವಾನಗಿ, ಇರುವವರಿಗೆ ಕಾಯಂ ವಾಸದ ಪರವಾನಗಿ ಸಿಗಲು ಎ1, ಅಂದರೆ ಆರಂಭದ ಮಟ್ಟದ ಜರ್ಮನ್ ಇದ್ದರೆ 27 ತಿಂಗಳು, ಬಿ1, ಅಂದರೆ ಮಧ್ಯಮ ಮಟ್ಟದ್ದು ಇದ್ದರೆ 21 ತಿಂಗಳು ಸಾಕು. ಬಹಳ ಜನ ಕಲಿಯಲು ಶುರು ಮಾಡೋದೇ ಈ ಲೆಕ್ಕ ನೋಡಿ. ಶುರು ಮಾಡಲು ಅದು ಒಳ್ಳೆಯ ಕಾರಣವೇ. ಕಾಯಂ ಪರವಾನಗಿ ಕೈಗೆ ಬಂದ ದಿನ ಪುಸ್ತಕ ಮುಚ್ಚಿಬಿಡುವುದು ಮಾತ್ರ ನಷ್ಟ.

ಹಾಗಂತ ಕನ್ನಡ ಕೂಟಕ್ಕೆ ಹೋಗಬೇಡಿ ಅಂತ ನಾನು ಖಂಡಿತ ಹೇಳುವುದಿಲ್ಲ. ಹೊಸ ನೆಲಕ್ಕೆ ಹೊಂದಿಕೊಳ್ಳುವುದರ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಬೆರಿ ಕಂಡುಕೊಂಡದ್ದು ಇದು: ತನ್ನದನ್ನು ಉಳಿಸಿಕೊಂಡು ಅಲ್ಲಿಯದರಲ್ಲೂ ಪಾಲ್ಗೊಳ್ಳುವವರು ಸಾಮಾನ್ಯವಾಗಿ ಹೆಚ್ಚು ನೆಮ್ಮದಿಯಾಗಿರುತ್ತಾರೆ. ತನ್ನದನ್ನು ಕಳಚಿಟ್ಟವರಿಗಿಂತಲೂ, ಬರೀ ತನ್ನದರಲ್ಲೇ ಉಳಿದವರಿಗಿಂತಲೂ. ರಾಜ್ಯೋತ್ಸವವೂ ಇರಲಿ, ಪಕ್ಕದ ಬೀದಿಯ ಫುಟ್‌ಬಾಲ್ ಕ್ಲಬ್ಬೂ ಇರಲಿ.

[ಪರದೆಯ ಮೇಲೆ: ಆಸ್ಪತ್ರೆ ವಾರ್ಡ್, ಬೆಳಗಿನ ಪಾಳಿ]

ನರ್ಸುಗಳಿಗೆ ಇಂಗ್ಲಿಷಿನ ಆಸರೆ ಇಲ್ಲ. ನರ್ಸ್ ಆಗಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ1ಗಿಂತ ಒಂದು ಮೆಟ್ಟಿಲು ಮೇಲಿನ ಬಿ2 ಮಟ್ಟದ ಜರ್ಮನ್ ಬೇಕು. ಮಂಗಳೂರು, ಉಡುಪಿ ಕಡೆ ನರ್ಸಿಂಗ್ ಓದಿದ ಹುಡುಗಿ ತಿಂಗಳುಗಟ್ಟಲೆ ಕೂತು ಓದಿ ಪರೀಕ್ಷೆ ಪಾಸು ಮಾಡುತ್ತಾಳೆ. ಕ್ಲಾಸಿನ ಆಡಿಯೊದಲ್ಲಿ ಬಿಡಿಬಿಡಿಯಾಗಿ ಕೇಳಿದ ಜರ್ಮನ್ ಅದು. ಆಮೇಲೆ ಸ್ಟುಟ್‌ಗಾರ್ಟ್ ಕಡೆಯ ಒಂದು ವಾರ್ಡಿಗೆ ಹೋಗಿ ನಿಂತರೆ, ಎದುರಿಗೆ ಎಂಬತ್ತು ದಾಟಿದ ಅಜ್ಜಿ. ಹಲ್ಲಿನ ಸೆಟ್ಟು ಲೋಟದಲ್ಲಿದೆ. ಮಾತು ಆ ಕಡೆಯ ಶ್ವಾಬಿಯನ್ ಆಡುಮಾತು. ಪುಸ್ತಕದ ಕನ್ನಡ ಕಲಿತು ಬಂದವರನ್ನು ನೇರವಾಗಿ ಧಾರವಾಡದ ಸಂತೆಯಲ್ಲಿ ನಿಲ್ಲಿಸಿದ ಹಾಗೆ.

ಅದರ ಮೇಲೆ ಇನ್ನೊಂದು ಪೆಟ್ಟು. ನಮ್ಮಲ್ಲಿ ನರ್ಸ್ ಅಂದರೆ ಇಂಜೆಕ್ಷನ್, ಡ್ರಿಪ್, ಚಾರ್ಟು. ಮೈ ಒರೆಸೋದು, ಊಟ ಮಾಡಿಸೋದು, ಬಟ್ಟೆ ಬದಲಿಸೋದು ಹೆಚ್ಚಾಗಿ ಮನೆಯವರು, ಇಲ್ಲ ಆಯಾ. ಜರ್ಮನಿಯಲ್ಲಿ ಅದೆಲ್ಲ ನರ್ಸಿಂಗ್ ಕೆಲಸದ ಭಾಗ. ಇಂಜೆಕ್ಷನ್ನುಗಳಲ್ಲಿ ಕೆಲವನ್ನು ಡಾಕ್ಟರೇ ಕೊಡುತ್ತಾರೆ. ಬಿಎಸ್‌ಸಿ ನರ್ಸಿಂಗ್ ಮಾಡಿ ಹೋದವರಿಗೆ "ನನ್ನನ್ನು ಕೆಳಗಿಳಿಸಿದರು" ಅನ್ನಿಸುವುದು ಸಹಜ. ಊರಿಗೆ ಫೋನ್ ಮಾಡಿದಾಗ ಇದನ್ನು ಅಮ್ಮನಿಗೆ ಹೇಳಲೂ ಆಗುವುದಿಲ್ಲ.

ಆದರೆ ಒಂದು ವಿಷಯ ಗಮನಿಸಿ. ಆಸ್ಪತ್ರೆಯಲ್ಲಿ ರೋಗಿಯ ಜೊತೆ ಹತ್ತು ಹದಿನೈದು ನಿಮಿಷ ಬಿಡುವಾಗಿ ಮಾತು ನಡೆಯುವುದು ಎಲ್ಲಿ? ಡ್ರಿಪ್ ಹಾಕುವಾಗ ಅಲ್ಲ. ಅಜ್ಜಿಯ ಬೆನ್ನು ಒರೆಸುವಾಗ, ಕಾಲಿಗೆ ಕ್ರೀಮ್ ಹಚ್ಚುವಾಗ. ನೀರು ಬಿಸಿ ಜಾಸ್ತಿಯಾಯ್ತು ಅನ್ನೋದು, ಮಗ ಭಾನುವಾರ ಬರಲಿಲ್ಲ ಅನ್ನೋದು, ಇಲ್ಲಿ ನೋವು, ಸ್ವಲ್ಪ ಮೇಲೆ, ಅಲ್ಲಲ್ಲ, ಇನ್ನೂ ಮೇಲೆ ಅನ್ನೋದು. ಶ್ಮಿಟ್ ಹೇಳಿದ ಆ "ಓ, ಇವರು ಹೀಗಂತಾರೆ" ನಡೆಯುವುದು ಇಲ್ಲೇ. ಈ ಕೆಲಸವನ್ನು ಕೀಳು ಅಂದುಕೊಂಡು ಬೇಗ ಬೇಗ ಮುಗಿಸಿದರೆ ಮಾತೂ ಅಲ್ಲಿಗೇ ಮುಗಿಯುತ್ತದೆ. ಧೋರಣೆ ಭಾಷೆಯ ಮೇಲೆ ಹೇಗೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಪಾಳಿ ಬದಲಾಗುವಾಗ ಇನ್ನೊಂದು ಕಷ್ಟ. ರಾತ್ರಿಯವರು ಬೆಳಗಿನವರಿಗೆ ಒಬ್ಬೊಬ್ಬ ರೋಗಿಯ ವಿವರವನ್ನು ಪಟಪಟ ಒಪ್ಪಿಸುತ್ತಾರೆ. ಅರ್ಧ ಅರ್ಥವಾಗಿರುವುದಿಲ್ಲ. ಮತ್ತೆ ಕೇಳಿದರೆ ಇವಳಿಗೆ ಏನೂ ಗೊತ್ತಿಲ್ಲ ಅಂದುಕೊಂಡಾರು ಅನ್ನೋ ಭಯ. ದೊಡ್ಡವರು ಹೇಳಿದಾಗ ತಲೆ ಅಲ್ಲಾಡಿಸುವುದು ನಮಗೆ ಚಿಕ್ಕಂದಿನಿಂದ ಬಂದ ರೂಢಿ. ಅಲ್ಲಿ ತಲೆ ಅಲ್ಲಾಡಿಸಿದರೆ "ಪೂರ್ತಿ ಅರ್ಥವಾಯಿತು, ಇನ್ನು ಜವಾಬ್ದಾರಿ ನನ್ನದು" ಎಂದೇ ಲೆಕ್ಕ. ವೆಸ್ ರೀತಿಯಲ್ಲಿ ನಗುತ್ತಾ ತೇಲಿಸಿಬಿಡುವುದು ಇಲ್ಲಿ ನಡೆಯದು, ಔಷಧಿಯ ಪ್ರಮಾಣದ ಪ್ರಶ್ನೆ. ಹಾಗಾಗಿ ಹೊರಡುವ ಮೊದಲೇ ಈ ಮಾತುಗಳನ್ನು ಜರ್ಮನ್‌ನಲ್ಲಿ ಬಾಯಿಪಾಠ ಮಾಡಿಕೊಳ್ಳಿ: "ಇನ್ನೊಮ್ಮೆ ನಿಧಾನವಾಗಿ ಹೇಳಿ." "ನಾನು ಬರೆದುಕೊಂಡದ್ದನ್ನು ಓದುತ್ತೇನೆ, ಸರಿ ಇದೆಯಾ ನೋಡಿ." ಹೀಗೆ ಕೇಳುವ ನರ್ಸನ್ನು ದಡ್ಡಿ ಅನ್ನುವುದಿಲ್ಲ, ನಂಬುತ್ತಾರೆ. ಹೊಸಬರ ಜೊತೆ ಮೊದಲ ತಿಂಗಳುಗಳಲ್ಲಿ ಒಬ್ಬ ಹಿರಿಯ ನರ್ಸನ್ನು ಬಿಡುವ ಆಸ್ಪತ್ರೆಗಳಿವೆ. ಕೆಲಸ ಒಪ್ಪಿಕೊಳ್ಳುವ ಮುಂಚೆ, ಸಂಬಳದ ಜೊತೆಗೆ ಇದನ್ನೂ ಕೇಳಿ ತಿಳಿದುಕೊಳ್ಳಿ.

ಕೊನೆಯದಾಗಿ, ಈ ಮಾತುಕತೆಯಲ್ಲಿ ಬಹಳ ಸಲ ಬಿಟ್ಟುಹೋಗುವವರ ಬಗ್ಗೆ. ಗಂಡನ ಕೆಲಸಕ್ಕೆಂದು ಜೊತೆಗೆ ಹೋಗುವ ಹೆಂಡತಿ. ಈಗೀಗ ಹೆಂಡತಿಯ ಕೆಲಸಕ್ಕೆ ಹೋಗುವ ಗಂಡನೂ ಇದ್ದಾನೆ. ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ವೀಸಾ ಪಡೆಯಲು ಜರ್ಮನ್ ಬರಲೇಬೇಕು ಅನ್ನೋ ನಿಯಮ ಇಲ್ಲ. ಹೋಗುವಾಗ ಇದು ಅನುಕೂಲ. ಹೋದ ಮೇಲೆ, ಗಂಡ ಆಫೀಸಿಗೆ ಹೊರಟ ಮನೆಯಲ್ಲಿ, ಬಾಗಿಲಿಗೆ ಬಂದ ಪಾರ್ಸೆಲ್‌ನವರ ಜೊತೆಗೂ ಮಾತಿಲ್ಲದೆ ಚಳಿಗಾಲ ಕಳೆಯುವುದು ತುಂಬ ಕಷ್ಟ. ಇವರ ದಿನ ಆಲ್ಬರ್ಟೊರ ದಿನಕ್ಕಿಂತಲೂ ಮೌನವಾದದ್ದು. ಆಲ್ಬರ್ಟೊರಿಗೆ ಕೆಲಸವಾದರೂ ಇತ್ತು.

ಇವರಿಗೆ ಆ್ಯಪ್‌ಗಿಂತ ಜನ ಇರುವ ಜಾಗ ಬೇಕು. ಜರ್ಮನಿಯ ಊರೂರುಗಳಲ್ಲಿ 'ಫೋಲ್ಕ್ಸ್‌ಹೋಕ್‌ಶೂಲೆ' ಎಂಬ ವಯಸ್ಕರ ಶಾಲೆಗಳಿವೆ. ಕಡಿಮೆ ಫೀಸಿಗೆ ಭಾಷೆ ಕಲಿಸುತ್ತಾರೆ. ಹೊಲಿಗೆ, ಅಡುಗೆ, ಚಿತ್ರಕಲೆ, ಯೋಗವೂ ಇರುತ್ತದೆ. ನನ್ನ ಸಲಹೆ ಕೇಳಿದರೆ, ಭಾಷೆಯ ಕ್ಲಾಸಿನ ಜೊತೆಗೆ ಇಂಥದ್ದೊಂದಕ್ಕೂ ಸೇರಿ. ಭಾಷೆಯ ಕ್ಲಾಸಿನಲ್ಲಿ ಸಿಗುವವರು ನಿಮ್ಮ ಹಾಗೇ ಹೊರಗಿನಿಂದ ಬಂದವರು. ಹೊಲಿಗೆ ಕ್ಲಾಸಿನಲ್ಲಿ ಊರಿನವರು ಸಿಗುತ್ತಾರೆ. ಕೈಗೆ ಕೆಲಸ ಇದ್ದಾಗ ಮಾತು ತಪ್ಪಿದರೂ ಮುಜುಗರ ಆಗುವುದಿಲ್ಲ. ಗಂಡ ಕೆಲಸ ಶುರು ಮಾಡುವ ವಾರದಲ್ಲೇ ಹೆಂಡತಿಯ ಹೆಸರೂ ಅಲ್ಲಿ ನೋಂದಣಿಯಾಗಿರಬೇಕು. ಮನೆ ಹೊಂದಿಸಿಕೊಂಡು, ಮಗುವನ್ನು ಶಾಲೆಗೆ ಸೇರಿಸಿ, ಆಮೇಲೆ ನೋಡೋಣ ಅಂದರೆ ಒಂದು ವರ್ಷ ಹೋದದ್ದೇ ಗೊತ್ತಾಗುವುದಿಲ್ಲ.

ನಿಮ್ಮ ಮನೆಯಿಂದ ಯಾರಾದರೂ ಹೊರಟಿದ್ದರೆ, ಯಾವ ದೇಶ, ಯಾವ ಕೆಲಸ ಅಂತ ಬರೆದು ತಿಳಿಸಿ. ಜಪಾನಿನ ವೃದ್ಧಾಶ್ರಮಗಳಲ್ಲಿ ಕೆಲಸ ಮಾಡುವವರ ಬಗ್ಗೆ ಮುಂದಿನ ವಿಡಿಯೋ ತಯಾರಾಗುತ್ತಿದೆ. ಅಲ್ಲಿದ್ದು ಬಂದವರು ಇದ್ದರೆ ನಿಮ್ಮ ಪ್ರಶ್ನೆಗಳನ್ನೂ ಅನುಭವವನ್ನೂ ಈಗಲೇ ಕಳಿಸಿ.